ದಾವಣಗೆರೆಗೆ ಹೊಸದಾಗಿ ಬಂದಿದ್ದೇವೆ: ಯಾವ ದಿನ ಯಾವುದು ತೆರೆದಿರುತ್ತದೆ?

ಪ್ರಶ್ನೆ: ವಿದ್ಯಾನಗರದ ಹೊಸ ನಿವಾಸಿ

ಎಲ್ಲರಿಗೂ ನಮಸ್ಕಾರ. ಪತಿಯ ವರ್ಗಾವಣೆಯಿಂದಾಗಿ ನಾವು ಉಡುಪಿಯಿಂದ ಬಂದು ಇಲ್ಲಿ ಮನೆ ಮಾಡಿದ್ದೇವೆ. ಬ್ಯಾಂಕ್ ಖಾತೆಯ ವರ್ಗಾವಣೆ, ಅಂಚೆ ಕಚೇರಿಯ ಉಳಿತಾಯ ಖಾತೆ, ಪಾಲಿಕೆಯ ಕೆಲಸ, ಮನೆಗೆ ಬೇಕಾದ ಸಾಮಾನಿನ ಖರೀದಿ ಎಲ್ಲವೂ ಬಾಕಿ ಇವೆ. ಪತಿಗೆ ಬಿಡುವಿರುವುದು ಶನಿವಾರ ಮಾತ್ರ. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿರುವ ದಿನಗಳಂದು ಎಲ್ಲ ಕಚೇರಿಗಳೂ ಮುಚ್ಚಿರುತ್ತವೆಯೇ? ಪೇಟೆಯ ಪದ್ಧತಿ ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಪಿ.ಜೆ. ಬಡಾವಣೆ

ತಂಗಿ, ನಮ್ಮ ಊರಿಗೆ ಸ್ವಾಗತ. ಮೊದಲು ಶನಿವಾರದ ವಿಷಯ ಹೇಳುತ್ತೇನೆ. 2015ರಿಂದ ಬ್ಯಾಂಕುಗಳಿಗೂ 2019ರಿಂದ ರಾಜ್ಯ ಸರ್ಕಾರಿ ಕಚೇರಿಗಳಿಗೂ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇರುವುದರಿಂದ, ನಿಮ್ಮ ಯಜಮಾನರು ಮೊದಲನೆಯ, ಮೂರನೆಯ ಮತ್ತು ಬಂದರೆ ಐದನೆಯ ಶನಿವಾರಗಳನ್ನು ಗುರುತು ಹಾಕಿಟ್ಟುಕೊಳ್ಳಲಿ. ಅಂಚೆ ಕಚೇರಿ ಶನಿವಾರಗಳಂದು ಕೆಲಸ ಮಾಡುತ್ತದೆ. ಹೀಗಾಗಿ ಆ ಕೆಲಸವನ್ನು ಎರಡನೆಯ ಶನಿವಾರಕ್ಕೆ ಇಟ್ಟುಕೊಂಡರೆ ಉಳಿದ ಶನಿವಾರಗಳು ಬ್ಯಾಂಕಿಗೂ ಪಾಲಿಕೆಗೂ ಸಿಗುತ್ತವೆ.

ಕೆಂಪು ಅಕ್ಷರವೊಂದನ್ನೇ ನಂಬಬೇಡಿ. ರಾಜ್ಯ ಸರ್ಕಾರದ ಪಟ್ಟಿ ಬೇರೆ, ಕೇಂದ್ರದ್ದು ಬೇರೆ. ಬ್ಯಾಂಕಿನ ರಜೆಗಳು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ (ಚೆಕ್ಕು, ಹುಂಡಿಗಳ ಕಾನೂನು) ಘೋಷಣೆಯಾಗುತ್ತವೆ. ಬಸವ ಜಯಂತಿಯಂದು ತಾಲ್ಲೂಕು ಕಚೇರಿಗೆ ರಜೆ, ಆದರೆ ಅದು ಕೇಂದ್ರದ ಪಟ್ಟಿಯಲ್ಲಿಲ್ಲ. ಬುದ್ಧ ಪೂರ್ಣಿಮೆಗೆ ಇದು ತಿರುವುಮುರುವು. ರಾಜ್ಯದ ಪಟ್ಟಿಯಲ್ಲಿ ಕೈಲ್ ಮುಹೂರ್ತ, ಹುತ್ತರಿ ಕಂಡರೆ ಅವು ಕೊಡಗು ಜಿಲ್ಲೆಗೆ ಮಾತ್ರ ಎಂದು ತಿಳಿಯಿರಿ. ರಂಜಾನ್, ಬಕ್ರೀದ್, ಮೊಹರಂ ರಜೆಗಳು ಚಂದ್ರದರ್ಶನಕ್ಕೆ ಅನುಗುಣವಾಗಿ ಒಂದು ದಿನ ಆಚೀಚೆ ಆಗಬಹುದು. ವಾರ್ಷಿಕ ಲೆಕ್ಕ ಮುಕ್ತಾಯಕ್ಕಾಗಿ ಏಪ್ರಿಲ್ 1ರಂದು ಬ್ಯಾಂಕಿನಲ್ಲಿ ಗ್ರಾಹಕ ಸೇವೆ ಇರುವುದಿಲ್ಲ. ನನ್ನ ಸೇವೆಯುದ್ದಕ್ಕೂ ಅಂದು ಬಾಗಿಲವರೆಗೆ ಬಂದು ಮರಳುವ ಹಿರಿಯರನ್ನು ನೋಡಿ ನೊಂದಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಣ ಕಳುಹಿಸುವುದಷ್ಟೇ ಆದರೆ ನೆಫ್ಟ್ (ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸುವ ವ್ಯವಸ್ಥೆ) ರಜಾದಿನಗಳಲ್ಲೂ ನಡೆಯುತ್ತದೆ.

ಉತ್ತರ: ಮಂಡಿಪೇಟೆಯ ವರ್ತಕ

ಹಿರಿಯರು ಕಚೇರಿಗಳ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ಪೇಟೆ ಮಾತ್ರ ಪಂಚಾಂಗದ ಪ್ರಕಾರ ನಡೆಯುತ್ತದೆ, ಅಕ್ಕಾವರೇ. ಅಮಾವಾಸ್ಯೆಯಂದು ನಮ್ಮಲ್ಲಿ ಅನೇಕರು ಅಂಗಡಿ ತೊಳೆದು ಪೂಜೆ ಮುಗಿಸಿಯೇ ವ್ಯಾಪಾರಕ್ಕೆ ಕೂರುವುದರಿಂದ ಬೆಳಿಗ್ಗೆಯೇ ಬಂದರೆ ಕಾಯಬೇಕಾದೀತು. ಆಯುಧಪೂಜೆಯಂದು ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ಸ್ಪಾನರಿನಿಂದ ತಕ್ಕಡಿಯವರೆಗೆ ಎಲ್ಲದಕ್ಕೂ ವಿಭೂತಿ, ಕುಂಕುಮ ಹಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಬೂದುಗುಂಬಳ ಒಡೆದು, ಬಂದವರಿಗೆ ಮಂಡಕ್ಕಿ, ಸಿಹಿ ಕೊಡುತ್ತಾರೆಯೇ ಹೊರತು ಆ ಸ್ಪಾನರನ್ನು ಅಂದು ಯಾರೂ ಮುಟ್ಟುವುದಿಲ್ಲ. ಗಾಡಿ ರಿಪೇರಿ ಇದ್ದರೆ ಎರಡು ದಿನ ಮುಂಚೆಯೇ ಮಾಡಿಸಿಕೊಳ್ಳಿ. ದೊಡ್ಡ ಹಬ್ಬಗಳ ಮರುದಿನವೂ ಊರಿಗೆ ಹೋದ ಹುಡುಗರು ಮರಳಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಗರದೇವತೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಆಗ ಮನೆಮನೆಯಲ್ಲೂ ನೆಂಟರಿರುತ್ತಾರೆ, ಹಳೇ ಪೇಟೆಯಲ್ಲಿ ಆಟೋ ಸಿಗುವುದೂ ಕಷ್ಟ. ಆ ದಿನಗಳಲ್ಲಿ ಬಂದರೆ ಖರೀದಿಗೆ ಬೇಡ, ಜಾತ್ರೆಗೇ ಬನ್ನಿ.

ವಿದ್ಯಾನಗರದ ಹೊಸ ನಿವಾಸಿ

ಇಬ್ಬರಿಗೂ ಅನಂತ ಧನ್ಯವಾದಗಳು. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ. ರಜಾದಿನ ವೈದ್ಯರು ಸಿಗುತ್ತಾರೆಯೇ?

ಉತ್ತರ: ಶುಶ್ರೂಷಕಿ, ನಿಟುವಳ್ಳಿ

ಅಕ್ಕಾ, ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಹೊರರೋಗಿ ವಿಭಾಗದ ಸೇವೆ ಸಿಗದಿದ್ದರೂ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ 24 ಗಂಟೆಯೂ ಇರುತ್ತದೆ. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸಿ. ಇನ್ಸುಲಿನ್ ಬಳಸುತ್ತಿದ್ದರೆ ದಸರಾ, ದೀಪಾವಳಿಗೆ ಮುನ್ನವೇ ಒಂದು ವಾರಕ್ಕಾಗುವಷ್ಟು ತಂದು ಫ್ರಿಜ್ಜಿನಲ್ಲಿಡಿ. ಆದರೆ ಫ್ರೀಜರಿನಲ್ಲಿ ಇಡಬಾರದು.