ಪ್ಯಾರಾದ ಕೊನೆಗೆ ಒಂದೇ ಆವರಣ ಸಾಲದೆ? ಮಹಾಪ್ರಬಂಧದಲ್ಲಿ ಆಕರ ಸೂಚಿಸುವ ಕ್ರಮದ ಬಗ್ಗೆ

ಸಾಗರದ ಸಂಶೋಧನಾರ್ಥಿ:

ಎಲ್ಲರಿಗೂ ನಮಸ್ಕಾರ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳೆಯ ಕೆರೆಗಳನ್ನು ಕುರಿತು ಕನ್ನಡದಲ್ಲಿ ಪಿಎಚ್.ಡಿ. ಮಹಾಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಎರಡನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರು ಮೊನ್ನೆ ಹಿಂದಿರುಗಿಸಿದರು. ಅಂಚಿನಲ್ಲಿ ಹಲವು ಕಡೆ ಕೆಂಪು ಪೆನ್ಸಿಲಿನಲ್ಲಿ ‘ಇದು ಯಾರ ಮಾತು?’ ಎಂದಷ್ಟೇ ಬರೆದಿದ್ದಾರೆ. ಆಕರ ಕೊಟ್ಟಿಲ್ಲವೆಂದಲ್ಲ, ಪ್ರತಿ ಪ್ಯಾರಾದ ಕೊನೆಗೂ ಆವರಣದಲ್ಲಿ ಕೊಟ್ಟಿದ್ದೇನೆ. ಒಂದು ಮಾದರಿಯನ್ನು ಇಲ್ಲಿಡುತ್ತೇನೆ:

‘ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು ಕದಂಬರ ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದ್ದನ್ನು ತಿಳಿಸುತ್ತದೆ. ಈ ಕೆರೆಯೇ ಊರಿನ ಬೇಸಾಯಕ್ಕೆ ಮುಖ್ಯ ಆಧಾರವಾಗಿತ್ತು. ಇಂತಹ ಕೆರೆಗಳಿಗೆ ಕಾಡಿನಿಂದ ಇಳಿಯುವ ಹಳ್ಳಗಳೇ ನೀರುಣಿಸುತ್ತಿದ್ದವು (ರೈಸ್ 1902).’

(ರೈಸ್ ಎಂದರೆ ನಮ್ಮ ಜಿಲ್ಲೆಯ ಶಾಸನಗಳ ಸಂಪುಟವನ್ನು ಸಂಪಾದಿಸಿದವರು.) ಇದರಲ್ಲಿ ಏನು ತಪ್ಪಿದೆ? ಜೊತೆಗೆ ಇನ್ನೆರಡು ಸಂದೇಹಗಳಿವೆ. ಇದೇ ಶಾಸನವನ್ನು ಕೀಲ್‌ಹಾರ್ನ್ ಅವರೂ ಸಂಪಾದಿಸಿದ್ದಾರೆ. ಅವರ ಪಾಠವನ್ನು ನಾನು ಒಂದು ಕನ್ನಡ ಪುಸ್ತಕದ ಮೂಲಕವಷ್ಟೇ ಬಲ್ಲೆ. ಆವರಣದಲ್ಲಿ ಕೀಲ್‌ಹಾರ್ನ್ ಹೆಸರು ಹಾಕಬಹುದೇ? ಮತ್ತು, ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಹೇಳಿದ ಮಾತುಗಳನ್ನು ಹೇಗೆ ಸೂಚಿಸಬೇಕು?

ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕ:

ನಿಮ್ಮ ಮಾರ್ಗದರ್ಶಕರ ಪ್ರಶ್ನೆ ಚಿಕ್ಕದು, ಆದರೆ ಸರಿಯಾದ ಜಾಗಕ್ಕೇ ಬಿದ್ದಿದೆ. ನೀವು ಕೊಟ್ಟ ಮೂರು ವಾಕ್ಯಗಳಲ್ಲಿ ಮೊದಲನೆಯದು ಶಾಸನದ್ದು. ಎರಡನೆಯದು, ನನ್ನ ಊಹೆ ಸರಿಯಾದರೆ, ನಿಮ್ಮದು. ಮೂರನೆಯದು ಕ್ಷೇತ್ರಕಾರ್ಯದಲ್ಲಿ ಕಂಡದ್ದೋ ಯಾರೋ ಹೇಳಿದ್ದೋ ಗೊತ್ತಾಗುವುದಿಲ್ಲ. ಕೊನೆಗೆ ಒಂದೇ ಆವರಣ ಹಾಕಿದ್ದರಿಂದ ಮೂರೂ ರೈಸ್ ಅವರ ಹೆಗಲೇರಿ ಕುಳಿತಿವೆ. ನಾಳೆ ಯಾರಾದರೂ ಆ ಸಂಪುಟವನ್ನು ತೆಗೆದು ನೋಡಿ, ಊರಿನ ಬೇಸಾಯದ ಮಾತು ಅಲ್ಲಿಲ್ಲವೆಂದು ತೋರಿಸಿದರೆ, ನಿಮ್ಮ ಸರಿಯಾದ ಮೊದಲ ವಾಕ್ಯದ ಮೇಲೂ ಅನುಮಾನ ಬರುತ್ತದೆ.

ಕನ್ನಡದಲ್ಲಿ ಈ ತೊಡಕನ್ನು ಬಿಡಿಸಲು ವಾಕ್ಯವೇ ನೆರವಿಗೆ ಬರುತ್ತದೆ. ‘ಎಂದು’, ‘ಎಂಬ’, ‘ಪ್ರಕಾರ’ ಎಂಬ ಪದಗಳು ಬೇರೆಯವರ ಮಾತು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತೆಂದು ಓದುಗನಿಗೆ ತಾವಾಗಿಯೇ ತಿಳಿಸುತ್ತವೆ. ಆವರಣಕ್ಕೆ ಉಳಿಯುವುದು ಆ ಮಾತು ಯಾವ ಪುಸ್ತಕದ ಯಾವ ಜಾಗದಲ್ಲಿದೆ ಎಂದು ಹೇಳುವ ಕೆಲಸ ಮಾತ್ರ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಕಾಕುಸ್ಥವರ್ಮನು ತಾಳಗುಂದದಲ್ಲಿ ಕೆರೆ ಕಟ್ಟಿಸಿದನೆಂದು ಅಲ್ಲಿಯ ಸ್ತಂಭಶಾಸನ ಹೇಳುತ್ತದೆ (ಎ.ಕ. 7, ಶಿಕಾರಿಪುರ 176). ಊರಿನ ಬೇಸಾಯಕ್ಕೂ ಇದೇ ಕೆರೆ ಆಧಾರವಾಗಿದ್ದಿರಬಹುದೆಂದು ನನಗೆ ತೋರುತ್ತದೆ.’

ಮೂರನೆಯ ವಾಕ್ಯವನ್ನು ಅದರ ಆಕರ ಸಿಗುವವರೆಗೆ ತೆಗೆದಿಡಿ. ‘ತೋರುತ್ತದೆ’ ಎನ್ನಲು ಸಂಕೋಚ ಬೇಡ. ಪರೀಕ್ಷಕರು ಹುಡುಕುವುದು ನಿಮ್ಮ ಮಾತನ್ನೇ.

ಇಲ್ಲಿ ರೈಸ್ ಹೆಸರಿನ ಬದಲು ಶಾಸನದ ಸಂಖ್ಯೆ ಹಾಕಿರುವುದನ್ನು ಗಮನಿಸಿ. ‘ಎ.ಕ.’ ಎಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆ. ಅದರಲ್ಲಿ ತಾಲ್ಲೂಕಿಗೊಂದು ಕ್ರಮಸಂಖ್ಯೆಯ ಸಾಲಿದೆ. ಮೂಲಪಾಠಕ್ಕೂ ಇಂಗ್ಲಿಷ್ ಅನುವಾದಕ್ಕೂ ಪುಟಸಂಖ್ಯೆಗಳು ಬೇರೆಬೇರೆಯಾಗಿರುವುದರಿಂದ ಬರಿಯ ಪುಟಸಂಖ್ಯೆ ಓದುಗನನ್ನು ದಾರಿ ತಪ್ಪಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಸಂಪುಟದ ಸಂಖ್ಯೆಯಲ್ಲಿದೆ. ರೈಸ್ ಅವರ ಕ್ರಮದಲ್ಲಿ 7 ಮತ್ತು 8ನೆಯ ಸಂಪುಟಗಳು ನಮ್ಮ ಶಿವಮೊಗ್ಗ ಜಿಲ್ಲೆಯವು (1902, 1904). ಮೈಸೂರಿನಿಂದ 1972ರ ಬಳಿಕ ಬಂದ ಪರಿಷ್ಕೃತ ಆವೃತ್ತಿಯಲ್ಲಿ 7ನೆಯದು ಮಂಡ್ಯ ಕಡೆಯ ತಾಲ್ಲೂಕುಗಳದ್ದು. ಆದ್ದರಿಂದ ಯಾವ ಆವೃತ್ತಿಯೆಂಬುದನ್ನು ಮೊದಲ ಉಲ್ಲೇಖದಲ್ಲಿಯೇ ಒಂದು ಅಡಿಟಿಪ್ಪಣಿ ಹಾಕಿ ಸ್ಪಷ್ಟಪಡಿಸಿ. ಹೊನ್ನಾಳಿ, ಚನ್ನಗಿರಿಗಳು ಈಗ ದಾವಣಗೆರೆ ಜಿಲ್ಲೆಯಲ್ಲಿದ್ದರೂ ಅವುಗಳ ಶಾಸನಗಳು ಹಳೆಯ 7ರಲ್ಲೇ ಇವೆ ಎಂಬುದನ್ನೂ ನೆನಪಿನಲ್ಲಿಡಿ.

ಹೊಸನಗರದ ಗ್ರಂಥಪಾಲಕಿ:

ಸರ್ ಹೇಳಿದ್ದಕ್ಕೆ ಸೇರಿಸುವುದು ಸ್ವಲ್ಪವೇ ಇದೆ. ಕೀಲ್‌ಹಾರ್ನ್ ವಿಷಯದಲ್ಲಿ, ಕಣ್ಣಾರೆ ನೋಡದ ಪುಸ್ತಕವನ್ನು ನೋಡಿದಂತೆ ಸೂಚಿಸಬೇಡಿ. ‘ಕೀಲ್‌ಹಾರ್ನ್, ಉದ್ಧೃತ’ ಎಂದು ಬರೆದು, ನೀವು ಓದಿದ ಕನ್ನಡ ಪುಸ್ತಕದ ಲೇಖಕರ ಹೆಸರು, ವರ್ಷ, ಪುಟ ಕೊಡಿ. ಪರಾಮರ್ಶನ ಪಟ್ಟಿಗೆ ಹೋಗಬೇಕಾದದ್ದು ಆ ಕನ್ನಡ ಪುಸ್ತಕ ಮಾತ್ರ. ಆದರೆ ಅವರ ಲೇಖನ ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನ ಸಂಪುಟಮಾಲೆಯ 8ನೆಯ ಸಂಪುಟದಲ್ಲಿದೆ, ದುರ್ಲಭವೇನಲ್ಲ. ನಿಮ್ಮ ಅಧ್ಯಾಯವೆಲ್ಲ ನಿಂತಿರುವುದು ಇದೊಂದು ಶಾಸನದ ಮೇಲಾದರೆ ಮೂಲವನ್ನೇ ತರಿಸಿಕೊಂಡು ಓದುವುದು ಒಳ್ಳೆಯದು.

ಹಿರಿಯರ ಮಾತಿನ ವಿಷಯದಲ್ಲಿ ಪದ್ಧತಿಗಳು ಒಂದೇ ತೆರನಾಗಿಲ್ಲ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಪದ್ಧತಿಯಲ್ಲಿ, ಓದುಗನು ಹುಡುಕಿ ನೋಡಲಾಗದ ಖಾಸಗಿ ಮಾತುಕತೆಯನ್ನು ಪಠ್ಯದೊಳಗೆ ದಿನಾಂಕದೊಂದಿಗೆ ಸೂಚಿಸುತ್ತಾರೆಯೇ ಹೊರತು ಕೊನೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ. ನಮ್ಮ ಜಾನಪದ ಅಧ್ಯಯನಗಳಲ್ಲಾದರೋ ವಕ್ತೃಗಳ, ಎಂದರೆ ಮಾಹಿತಿ ಹೇಳಿದವರ, ವಿವರವನ್ನು ಅನುಬಂಧದಲ್ಲಿ ಕೊಡುವ ರೂಢಿ ಮೊದಲಿನಿಂದಲೂ ಇದೆ. ನನಗೆ ಎರಡನೆಯದೇ ಹೆಚ್ಚು ನ್ಯಾಯವೆನಿಸುತ್ತದೆ: ಅಚ್ಚಾದ ಪುಸ್ತಕದ ಲೇಖಕನಿಗೆ ಸಿಗುವ ಮನ್ನಣೆ ತೂಬು ಕಾದವರಿಗೂ ಸಿಗಬೇಕು. ಹೆಸರು ಹಾಕಲು ಅವರ ಒಪ್ಪಿಗೆಯನ್ನು ಮಾತ್ರ ಮರೆಯದೆ ಪಡೆಯಿರಿ.

ಗ್ರಂಥಾಲಯದಲ್ಲಿ ಪದೇಪದೇ ಕೇಳಿಬರುವ ಒಂದು ತಪ್ಪು ತಿಳಿವಳಿಕೆಯ ಬಗ್ಗೆಯೂ ಹೇಳಬೇಕು. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆದ್ದರಿಂದ ಅಷ್ಟರೊಳಗಿದ್ದರೆ ಆಕರ ಬೇಕಿಲ್ಲವೆಂದು ಕೆಲವರು ಭಾವಿಸಿದ್ದಾರೆ. ಸಾಫ್ಟ್‌ವೇರ್ ಹಿಡಿಯುವುದು ಪದಗಳ ಹೋಲಿಕೆಯನ್ನು. ಪದಗಳನ್ನೆಲ್ಲ ಬದಲಿಸಿ ವಿಚಾರವನ್ನು ಮಾತ್ರ ಎತ್ತಿಕೊಂಡರೆ ಶೇಕಡಾ ಸೊನ್ನೆ ಬಂದೀತು, ಋಣ ಮಾತ್ರ ಹಾಗೆಯೇ ಉಳಿದಿರುತ್ತದೆ.

ಸಾಗರದ ಸಂಶೋಧನಾರ್ಥಿ:

ಇಬ್ಬರಿಗೂ ಧನ್ಯವಾದಗಳು. ಮೂರನೆಯ ವಾಕ್ಯ ಆ ಹಿರಿಯರು ಹೇಳಿದ್ದೇ ಎಂದು ಟಿಪ್ಪಣಿ ಪುಸ್ತಕ ತೆರೆದಾಗ ತಿಳಿಯಿತು. ಹಾಗಾದರೆ ಎಲ್ಲ ವಾಕ್ಯಗಳಿಗೂ ಆಕರ ಬೇಕೆ? ಲಿಂಗನಮಕ್ಕಿ ಅಣೆಕಟ್ಟು ಶರಾವತಿಗೆ ಅಡ್ಡಲಾಗಿದೆ ಎನ್ನಲೂ ಬೇಕೆ? ‘ರೈಸ್ (1902) ಅವರ ಪ್ರಕಾರ’ ಎಂದು ಬರೆದರೆ ಓದಲು ಎಡವಿದಂತಾಗುತ್ತದೆ, ಅದಕ್ಕೇನು ಮಾಡಬೇಕು?

ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕ:

ಲಿಂಗನಮಕ್ಕಿ ಎಲ್ಲಿದೆ ಎನ್ನಲು ಆಕರ ಬೇಡ. ಅದರ ಹಿನ್ನೀರಿನಲ್ಲಿ ಎಷ್ಟು ಊರುಗಳು ಮುಳುಗಿದವು ಎಂದು ಅಂಕಿ ಕೊಟ್ಟ ಕೂಡಲೇ ಬೇಕು, ಏಕೆಂದರೆ ಆ ಲೆಕ್ಕವನ್ನು ಯಾರೋ ಮಾಡಿದ್ದಾರೆ, ಇನ್ನೊಬ್ಬರು ಬೇರೆಯಾಗಿ ಮಾಡಿರಬಹುದು.

ಆವರಣವನ್ನು ಹೆಸರಿಗೂ ‘ಅವರ’ ಎಂಬುದಕ್ಕೂ ನಡುವೆ ತುರುಕಬೇಡಿ, ‘(ರೈಸ್ 1902)ರಲ್ಲಿ’ ಎಂದು ವಿಭಕ್ತಿಯನ್ನು ಆವರಣದ ಬಾಲಕ್ಕೂ ಕಟ್ಟಬೇಡಿ. ‘ರೈಸ್ ಅವರ ಪ್ರಕಾರ’ ಎಂದು ಆರಂಭಿಸಿ ವಾಕ್ಯವನ್ನು ಸರಾಗವಾಗಿ ಮುಗಿಸಿ, ವರ್ಷ, ಪುಟಗಳನ್ನು ಪೂರ್ಣವಿರಾಮಕ್ಕೆ ಮುಂಚೆ ಆವರಣದಲ್ಲಿ ಇಡಿ. ಆವರಣದೊಳಗೆ ‘ಅವರು’ ಬೇಕಿಲ್ಲ. ಅಲ್ಲಿ ಏಕವಚನದಿಂದ ಯಾರಿಗೂ ಅಗೌರವವಾಗುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಪದ್ಧತಿಗಳು ಕುಲನಾಮವನ್ನು ಮುಂದಿಡುತ್ತವೆ, ನಮ್ಮಲ್ಲಿ ಅನೇಕರಿಗೆ ಅದೇ ಇಲ್ಲ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ‘ಕೆ’ ಕುಪ್ಪಳಿ, ‘ವಿ’ ತಂದೆ ವೆಂಕಟಪ್ಪ. ಆವರಣದಲ್ಲಿ ‘ಪುಟ್ಟಪ್ಪ’ ಎಂದೇ ಬರಬೇಕು, ‘ಕುಪ್ಪಳಿ’ ಎಂದರೆ ಊರನ್ನು ಉಲ್ಲೇಖಿಸಿದಂತಾಗುತ್ತದೆ. ಒಂದೇ ಹೆಸರಿನ ಇಬ್ಬರು ಲೇಖಕರು ಬಂದಾಗ ಇನಿಷಿಯಲ್ ಸೇರಿಸಿ. ನಿಮ್ಮ ಪಟ್ಟಿಯಲ್ಲಿ ಮೂರ್ತಿಗಳು, ಭಟ್ಟರು ಹೇಗೂ ಒಬ್ಬರಿಗಿಂತ ಹೆಚ್ಚು ಇದ್ದೇ ಇರುತ್ತಾರೆ.