ಗೇಜಿನ ಮುಳ್ಳು 45 ಡಿಗ್ರಿ ದಾಟದ ವೇಗದ ದೋಣಿಯ ಎಂಜಿನ್

ಪ್ರಶ್ನೆ:
ನಮಸ್ಕಾರ ಸರ್. ನನ್ನ ದೋಣಿಯಲ್ಲಿ ಸುಮಾರು 600 ಅಶ್ವಶಕ್ತಿಯ ವಿ-8 ಪೆಟ್ರೋಲ್ ಎಂಜಿನ್ ಇದೆ. ಸಮುದ್ರದ ನೀರೇ ನೇರವಾಗಿ ಬ್ಲಾಕ್‌ನೊಳಗೆ ಹರಿದು, ಎಕ್ಸಾಸ್ಟ್ ಮೂಲಕ ಹೊರಬೀಳುತ್ತದೆ. ಹಿಂದೊಮ್ಮೆ ಎಂಜಿನ್ ವಿಪರೀತ ಕಾದಿದ್ದರಿಂದ ಪಂಪ್ ಬಿಚ್ಚಿ ನೋಡಿದಾಗ ಇಂಪೆಲ್ಲರ್ (ನೀರನ್ನು ತಳ್ಳುವ ರೆಕ್ಕೆಗಳ ರಬ್ಬರ್ ಚಕ್ರ) ಹರಿದಿತ್ತು. ಆ ಭಯದಿಂದ ದೊಡ್ಡ ಪಂಪ್ ಹಾಕಿಸಿ, ಎಂಜಿನ್ ಬಿಸಿಯಾಗುವವರೆಗೆ ನೀರಿನ ಹರಿವನ್ನು ತಡೆಯುವ ಥರ್ಮೋಸ್ಟಾಟನ್ನೇ ತೆಗೆಸಿದೆ. ಈಗ ಗಂಟೆಗೆ 100 ಕಿ.ಮೀ. ವೇಗದಲ್ಲಿಯೂ ನೀರಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆದರೆ ಆಯಿಲ್ ತುಂಬುವ ಮುಚ್ಚಳದ ಒಳಭಾಗದಲ್ಲಿ ಮಾಸಲು ಬಿಳಿ ಪದರ ಕಟ್ಟುತ್ತಿದೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಭಾಗದ) ಮೂಲೆಯಲ್ಲಿ ನೀರು ಜಿನುಗುತ್ತಿದೆ. ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹೋಗಿದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಹೆಡ್ ಬಿಚ್ಚಿಸಲೇ?

ಉತ್ತರ:
ಸದ್ಯಕ್ಕೆ ಬಿಚ್ಚಿಸಬೇಡಿ. ಆಯಿಲ್ ಮಟ್ಟ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಮೇಲಿನ ಆಯಿಲ್ ಕೂಡ ಬಿಳಿಚಿಕೊಂಡು ಮಟ್ಟ ಏರಿದ್ದರೆ ಒಳಗೆ ನಿಜವಾಗಿಯೂ ನೀರು ಸೇರುತ್ತಿದೆ ಎಂದರ್ಥ. ಆಗ ಎಂಜಿನನ್ನು ಓಡಿಸಲೇಬಾರದು. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಮುಚ್ಚಳದಲ್ಲಿ ಮಾತ್ರ ಪದರ ಕಂಡರೆ, ಅದು ಬಹುಮಟ್ಟಿಗೆ ತಣ್ಣನೆಯ ಎಂಜಿನ್‌ನೊಳಗೆ ಸಾಂದ್ರಗೊಂಡ ತೇವ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರ ಒಂದಿಷ್ಟು ಅಂಶ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿಳಿಯುತ್ತದೆ; ಆಯಿಲ್ ಸಾಕಷ್ಟು ಬಿಸಿಯಾಗದಿದ್ದರೆ ಆ ತೇವ ಆರುವುದಿಲ್ಲ, ಸರಿಯಾಗಿ ಉರಿಯದ ಪೆಟ್ರೋಲ್ ಕೂಡ ಆಯಿಲ್‌ನಲ್ಲೇ ಉಳಿದು ಅದನ್ನು ತೆಳುವಾಗಿಸುತ್ತದೆ.

ನೀರು ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಇಲ್ಲಿನ ಮೂಲ ತೊಂದರೆ. ವೇಗದ ದೋಣಿಯಲ್ಲಿ ನೀರನ್ನು ಪಂಪ್ ಒಂದೇ ತಳ್ಳುವುದಿಲ್ಲ. ಮುಂದಕ್ಕೆ ಮುಖ ಮಾಡಿರುವ ನೀರಿನ ಬಾಯಿಗೆ ಎದುರಿನ ನೀರು ತಾನಾಗಿಯೇ ನುಗ್ಗುತ್ತದೆ. ಈ ನುಗ್ಗುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 54 ಕಿ.ಮೀ. ವೇಗದಲ್ಲಿ ಲೆಕ್ಕದ ಪ್ರಕಾರ ಅದು ಸುಮಾರು 16 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ವೇಗ ಇಮ್ಮಡಿಯಾಗಿ 108 ಕಿ.ಮೀ. ಆದಾಗ 32 ಅಲ್ಲ, ಸುಮಾರು 65 ಪಿಎಸ್‌ಐ. ಪೈಪುಗಳ ತಿರುವಿನಲ್ಲಿ ಒಂದು ಪಾಲು ಕಳೆದುಹೋಗುತ್ತದೆ, ನಿಜ. ಆದರೆ ಉಳಿದದ್ದಕ್ಕೆ ದೊಡ್ಡ ಪಂಪ್‌ನ ಒತ್ತಡವೂ ಸೇರಿದರೆ ಇನ್‌ಟೇಕ್ ಗ್ಯಾಸ್ಕೆಟ್ ಸೋರುವುದರಲ್ಲಿ ಆಶ್ಚರ್ಯವಿಲ್ಲ. ಬ್ಲಾಕ್‌ನ ಒಳಬರುವ ದಾರಿಯಲ್ಲಿ ಒಂದು ನೀರಿನ ಒತ್ತಡದ ಗೇಜ್ ಹಾಕಿ, ಪೂರ್ಣ ವೇಗದಲ್ಲಿ ಅದು ಎಷ್ಟು ತೋರಿಸುತ್ತದೆ ಎಂದು ಇಲ್ಲಿ ಬರೆಯಿರಿ. ಉಷ್ಣತೆಯ ಗೇಜ್ ನೋಡುತ್ತಾ ನೆಮ್ಮದಿಯಾಗಿರುವವರಲ್ಲಿ ಹೆಚ್ಚಿನವರು ಈ ಗೇಜನ್ನು ಹಾಕಿಸಿರುವುದೇ ಇಲ್ಲ.

ಮರುಪ್ರಶ್ನೆ:
ಗೇಜ್ ಹಾಕಿಸಿದೆ ಸರ್. ನಿಧಾನಗತಿಯಲ್ಲಿ 2 ಪಿಎಸ್‌ಐ, ಗಂಟೆಗೆ 95 ಕಿ.ಮೀ. ವೇಗದಲ್ಲಿ 38. ಡಿಪ್‌ಸ್ಟಿಕ್ ಶುದ್ಧವಾಗಿದೆ. ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕಿತ್ತು: ವೇಗವಾಗಿ ಓಡಿಸಿ ದಡದ ಹತ್ತಿರ ನಿಧಾನಗೊಳಿಸಿದಾಗ ಉಷ್ಣತೆ ಒಮ್ಮೆಲೇ 80ಕ್ಕೆ ಏರುತ್ತದೆ.

ಉತ್ತರ:
38 ಎಂಬುದು ವಿಪರೀತ. ನನ್ನ ಕೈಯಲ್ಲಿ ಸಿದ್ಧವಾಗುವ ಎಂಜಿನ್‌ಗಳಲ್ಲಿ ಬ್ಲಾಕ್‌ನ ಒತ್ತಡ 20ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಪಂಪ್ ಆದ ಮೇಲೆ, ಎಂಜಿನ್‌ಗೆ ಮುಂಚೆ, ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವ, ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಒಂದನ್ನು ಕೂಡಿಸಿ, ಹೆಚ್ಚಾದ ನೀರು ನೇರವಾಗಿ ದೋಣಿಯಿಂದ ಹೊರಕ್ಕೆ ಹೋಗುವಂತೆ ಮಾಡಿ. ಹೊರಹೋಗುವ ಹೋಸ್ ಸಣ್ಣದಾದರೆ ವಾಲ್ವ್ ತೆರೆದರೂ ಒತ್ತಡ ಇಳಿಯುವುದಿಲ್ಲ. ಒಳಬರುವ ಹೋಸ್‌ನಷ್ಟೇ ಅಗಲದ್ದನ್ನು ಹಾಕಲು ಜಾಗವಿದ್ದರೆ ಜಿಪುಣತನ ಮಾಡಬೇಡಿ.

ಥರ್ಮೋಸ್ಟಾಟ್ ಮತ್ತೆ ಬೇಕು, ಆದರೆ ಬೈಪಾಸ್ ಸಮೇತ. ಅದು ಮುಚ್ಚಿರುವಾಗ ಪಂಪ್ ತಳ್ಳುವ ನೀರು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ಕಡೆಗೆ ಹರಿಯಲು ದಾರಿ ಇರಲೇಬೇಕು. ಇಲ್ಲದಿದ್ದರೆ ಯಾವುದಾದರೂ ಹೋಸ್ ಕ್ಲಾಂಪ್‌ನಿಂದ ಕಳಚಿಕೊಳ್ಳುತ್ತದೆ, ಎಕ್ಸಾಸ್ಟ್‌ನ ರಬ್ಬರ್ ಹೋಸ್ ನೀರಿಲ್ಲದೆ ಸುಟ್ಟುಹೋಗುತ್ತದೆ. ನಿಮ್ಮದು ಸಮುದ್ರದ ನೀರಾದ್ದರಿಂದ ಸುಮಾರು 60 ಡಿಗ್ರಿಯ ಥರ್ಮೋಸ್ಟಾಟ್ ಸಾಕು. ಅದಕ್ಕಿಂತ ಬಹಳ ಮೇಲೇರಿದರೆ ನೀರಿನ ಲವಣಗಳು ಒಳಗೋಡೆಗಳಿಗೆ ಗಟ್ಟಿಯಾಗಿ ಅಂಟಲು ತೊಡಗುತ್ತವೆ. ಆಯಿಲ್‌ನ ಉಷ್ಣತೆಗೆ ಪ್ರತ್ಯೇಕ ಗೇಜ್ ಇರಲಿ. ಅದು 95ರಿಂದ 110 ಡಿಗ್ರಿಯೊಳಗೆ ನಿಲ್ಲಬೇಕು, ತಲುಪದಿದ್ದರೆ ಆಯಿಲ್ ಕೂಲರ್‌ನ ದಾರಿಗೂ ಆಯಿಲ್ ಥರ್ಮೋಸ್ಟಾಟ್ ಹಾಕಿಸಿ. ಎರಕದ ಪಿಸ್ಟನ್‌ಗಳಲ್ಲ, ಫೋರ್ಜ್ಡ್ (ಲೋಹವನ್ನು ಒತ್ತಿ ರೂಪಿಸಿದ) ಪಿಸ್ಟನ್‌ಗಳೇ ಇದ್ದರಂತೂ ಇದು ಇನ್ನೂ ಮುಖ್ಯ, ಏಕೆಂದರೆ ಹಿಗ್ಗುವುದಕ್ಕೆಂದು ಅವುಗಳಿಗೆ ಹೆಚ್ಚು ಸಂದು ಬಿಟ್ಟಿರುತ್ತಾರೆ; ಎಂಜಿನ್ ತಣ್ಣಗಿದ್ದರೆ ಆ ಸಂದು ಕಿರಿದಾಗುವುದಿಲ್ಲ.

ಇನ್ನು ನಿಧಾನಗತಿಯಲ್ಲಿ ಬಿಸಿಯೇರುವ ವಿಷಯ. ವೇಗದಲ್ಲಿ ನೀರು ತಾನೇ ನುಗ್ಗುವುದರಿಂದ ಮರೆಯಾಗುವ ದೋಷಗಳೆಲ್ಲ, ಪಂಪ್ ಒಂದೇ ಎಳೆಯಬೇಕಾದ ನಿಧಾನಗತಿಯಲ್ಲಿ ಹೊರಬರುತ್ತವೆ. ಹಳೆಯ ಇಂಪೆಲ್ಲರ್ ಇಟ್ಟುಕೊಂಡಿದ್ದರೆ ಅದರ ರೆಕ್ಕೆಗಳನ್ನು ಎಣಿಸಿ. ಎಷ್ಟು ತುಂಡು ಕಾಣೆಯಾಗಿವೆಯೋ ಅಷ್ಟೂ ಪಂಪ್ ದಾಟಿದ ಮೇಲಿನ ದಾರಿಯಲ್ಲಿ ಎಲ್ಲೋ ಕುಳಿತಿರುತ್ತವೆ, ಸಾಮಾನ್ಯವಾಗಿ ಆಯಿಲ್ ಕೂಲರ್‌ನ ಬಾಯಲ್ಲಿ. ಹೋಸ್ ತೆಗೆದು ಟಾರ್ಚ್ ಹಾಕಿ ನೋಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ನನ್ನ ದೋಣಿಯದೂ ಇದೇ ಲಕ್ಷಣ, ಆದರೆ ಇಂಪೆಲ್ಲರ್ ಇಡಿಯಾಗಿದೆ, ಕೂಲರ್ ಶುಚಿಯಾಗಿದೆ. ಎಲ್ಲಿಯೂ ನೀರು ಸೋರುತ್ತಿಲ್ಲ.

ಉತ್ತರ:
ಪಂಪ್ ನೀರನ್ನು ಎಳೆದುಕೊಳ್ಳುವ ಬದಿಯಲ್ಲಿ ನೀರು ಸೋರುವುದಿಲ್ಲ, ಗಾಳಿ ಒಳಬರುತ್ತದೆ. ನೀರಿನ ಮಟ್ಟಕ್ಕಿಂತ ಮೇಲಿರುವ ಸ್ಟ್ರೈನರ್‌ನ (ಕಸ ಸೋಸುವ ಜಾಲರಿಯ) ಮುಚ್ಚಳದ ರಬ್ಬರ್ ಉಂಗುರ ಸವೆದಿದ್ದರೆ ನಿಧಾನಗತಿಯಲ್ಲಿ ಅದು ಗಾಳಿ ಎಳೆಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪಂಪ್‌ಗೆ ಮೊದಲು ಗಟ್ಟಿಯಾದ ಪಾರದರ್ಶಕ ಹೋಸ್‌ನ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿ, ದೋಣಿ ಕಟ್ಟಿರುವಾಗಲೇ ಎಂಜಿನ್ ಚಾಲೂ ಮಾಡಿ ನೋಡಿ. ಗುಳ್ಳೆಗಳ ಸಾಲು ಹರಿಯುತ್ತಿದ್ದರೆ ಉತ್ತರ ಸಿಕ್ಕಂತೆಯೇ. ಆ ಭಾಗದ ಹೋಸ್‌ನೊಳಗೆ ತಂತಿಯ ಸುರುಳಿ ಇದೆಯೇ ಎಂಬುದನ್ನೂ ನೋಡಿ. ಮೆತ್ತನೆಯ ಹೋಸ್ ಪಂಪ್‌ನ ಎಳೆತಕ್ಕೆ ಚಪ್ಪಟೆಯಾಗುತ್ತದೆ, ಎಂಜಿನ್ ನಿಲ್ಲಿಸಿದೊಡನೆ ಏನೂ ಆಗದಂತೆ ಮತ್ತೆ ದುಂಡಗಾಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ಕೂಲರ್‌ನ ಬಾಯಲ್ಲಿ ಮೂರು ರಬ್ಬರ್ ತುಂಡುಗಳು ಸಿಕ್ಕವು ಸರ್. ಇನ್‌ಟೇಕ್ ಗ್ಯಾಸ್ಕೆಟ್ ಈಗಲೇ ಬದಲಿಸಲೇ, ವಾಲ್ವ್ ಹಾಕಿದ ಮೇಲೆಯೇ?

ಉತ್ತರ:
ಎರಡನ್ನೂ ಒಟ್ಟಿಗೆ ಮಾಡಿಸಿ. ಜಿನುಗುವ ಗ್ಯಾಸ್ಕೆಟ್ ಇಟ್ಟುಕೊಂಡು ಓಡಿಸಿದರೆ ನೀರು ಒಳಮುಖವಾಗಿಯೂ ಇಳಿದೀತು. ಬಳಿಕ ವೇಗವನ್ನು ಹಂತಹಂತವಾಗಿ ಏರಿಸಿ, ಒತ್ತಡ 20 ದಾಟಿದರೆ ಅಲ್ಲಿಗೇ ನಿಲ್ಲಿಸಿ ಸ್ಪ್ರಿಂಗ್ ಸಡಿಲಿಸಿ. ಆಯಿಲ್ ಬದಲಿಸಿ, ಮುಚ್ಚಳ ಒರೆಸಿಟ್ಟು, ಆಯಿಲ್ ಚೆನ್ನಾಗಿ ಬಿಸಿಯಾದ ನಂತರ ಅರ್ಧ ಗಂಟೆ ಓಡಿಸಿ ಮತ್ತೆ ನೋಡಿ. ಪದರ ಆಗಲೂ ಕಟ್ಟಿದರೆ ಮಾತ್ರ ಸಿಲಿಂಡರ್‌ಗಳ ಲೀಕ್-ಡೌನ್ ಪರೀಕ್ಷೆ (ಒಳಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ, ಹೆಡ್ ಬಿಚ್ಚುವ ಮಾತನ್ನು ಆಮೇಲೆ ಆಡೋಣ.