ಮೂರು ವರ್ಷದಿಂದ ವ್ಯಾಪಾರ ಇದ್ದಲ್ಲೇ ಇದೆ, ಬ್ರಾಂಚ್ ತೆಗೆಯಲೇ?

ಪ್ರಶ್ನೆ: ನಮಸ್ಕಾರ ಮೇಡಂ. ಆಫೀಸುಗಳ ಪ್ರಿಂಟರ್, ಜೆರಾಕ್ಸ್ ಮಷಿನ್ ರಿಪೇರಿ ನಮ್ಮ ಕೆಲಸ. ಬಹುತೇಕ ಎಲ್ಲವೂ ವರ್ಷದ ಕಾಂಟ್ರಾಕ್ಟ್. ನನ್ನನ್ನೂ ಸೇರಿಸಿ ಒಂಬತ್ತು ಜನ ಇದ್ದೇವೆ. ಮೊದಲ ನಾಲ್ಕು ವರ್ಷ ಚೆನ್ನಾಗಿ ಬೆಳೆಯಿತು. ಆಮೇಲೆ ಮೂರು ವರ್ಷದಿಂದ ಒಂದೇ ಕಡೆ ನಿಂತುಬಿಟ್ಟಿದೆ. ಹೋದ ವರ್ಷ ಜಾಹೀರಾತಿಗೆ ಎರಡರಷ್ಟು ಖರ್ಚು ಮಾಡಿದೆ. ಫೋನ್ ಬರೋದು ಜಾಸ್ತಿ ಆಯ್ತು, ವಹಿವಾಟು ಮಾತ್ರ ಅಷ್ಟೇ. ಇನ್ನೊಂದು ಊರಲ್ಲಿ ಬ್ರಾಂಚ್ ತೆಗಿ ಅಂತ ಸ್ನೇಹಿತರು ಹೇಳ್ತಿದ್ದಾರೆ. ತೆಗೆಯಲೇ?

ಉತ್ತರ: ಸದ್ಯಕ್ಕೆ ಬೇಡ ಸರ್. ಇಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗದೆ ಬ್ರಾಂಚ್ ತೆಗೆದರೆ ಅದೇ ತೊಂದರೆಗೆ ಎರಡು ಕಡೆ ಬಾಡಿಗೆ ಕಟ್ಟಿದ ಹಾಗಾಗುತ್ತದೆ. ಮೊದಲು ಇಷ್ಟು ಹೇಳಿ. ಈಗ ಎಷ್ಟು ಕಾಂಟ್ರಾಕ್ಟ್ ಇವೆ? ಹೋದ ವರ್ಷ ಹೊಸದಾಗಿ ಎಷ್ಟು ಬಂದವು, ಎಷ್ಟು ಜನ ರಿನ್ಯೂ ಮಾಡಲಿಲ್ಲ? ಕೊಟೇಶನ್ ಯಾರು ಕೊಡ್ತಾರೆ, ಈ ಕ್ಷಣಕ್ಕೆ ಎಷ್ಟು ಬಾಕಿ ಇವೆ? ಅಂದಾಜಿಗೆ ಹೇಳಬೇಡಿ, ಎಣಿಸಿ ಹೇಳಿ.

ಪ್ರಶ್ನೆ ಕೇಳಿದವರು: ಎಣಿಸಿದೆ ಮೇಡಂ. ಕಾಂಟ್ರಾಕ್ಟ್ 200. ಹೊಸದಾಗಿ ಬಂದದ್ದು 60. ಬಿಟ್ಟು ಹೋದವರೂ 60. ನನಗೇ ನಂಬಿಕೆ ಬರಲಿಲ್ಲ, ಎರಡು ಸಲ ಎಣಿಸಿದೆ. ಕೊಟೇಶನ್ ಎಲ್ಲಾ ನಾನೇ ಮಾಡೋದು. ಮೇಜಿನ ಮೇಲೆ 18 ಇವೆ. ದಿನಕ್ಕೆ ಮೂರು ಹೊಸದು ಬರುತ್ತವೆ.

ಉತ್ತರ: ನಿಮ್ಮ ವ್ಯಾಪಾರ ನಿಂತಿಲ್ಲ ಸರ್. ಮುಂದಿನ ಬಾಗಿಲಿಂದ ಬಂದಷ್ಟೂ ಜನ ಹಿಂದಿನ ಬಾಗಿಲಿಂದ ಹೋಗುತ್ತಿದ್ದಾರೆ.

ಈ ಲೆಕ್ಕ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೂರರಲ್ಲಿ 30 ಜನ ಬಿಟ್ಟು ಹೋಗುತ್ತಾ, ವರ್ಷಕ್ಕೆ 60 ಹೊಸಬರು ಬರುತ್ತಿದ್ದರೆ, 60 ಭಾಗಿಸು 0.30, ಅಂದರೆ 200. ಅಲ್ಲಿಗೆ ಬಂದು ನಿಲ್ಲಲೇಬೇಕು. ಮೊದಲ ವರ್ಷಗಳಲ್ಲಿ ಇದು ಕಾಣಿಸಲಿಲ್ಲ, ಯಾಕಂದ್ರೆ ಗಿರಾಕಿಗಳೇ ಕಡಿಮೆ ಇದ್ದರು. 50 ಜನರಲ್ಲಿ 30 ಪರ್ಸೆಂಟ್ ಅಂದರೆ 15, ಅದು ಕಣ್ಣಿಗೆ ಬೀಳಲ್ಲ. ಬಿಟ್ಟು ಹೋಗುವವರನ್ನು 20 ಪರ್ಸೆಂಟಿಗೆ ಇಳಿಸಿದರೆ, ಒಂದು ಪೈಸೆ ಜಾಸ್ತಿ ಜಾಹೀರಾತು ಕೊಡದೆ ಮಿತಿ 300ಕ್ಕೆ ಏರುತ್ತದೆ. ರಾತ್ರೋರಾತ್ರಿ ಅಲ್ಲ, ಮೊದಲ ವರ್ಷ 220, ಮುಂದಿನ ವರ್ಷ 236, ಹೀಗೆ.

ಕೊಟೇಶನ್ ವಿಷಯ. 18 ಬಾಕಿ, ದಿನಕ್ಕೆ 3 ಅಂದರೆ ಒಂದೊಂದಕ್ಕೂ ಸರಾಸರಿ 6 ದಿನ. ಸಾಲು ಎಲ್ಲಿದ್ದರೂ ಇದೇ ಲೆಕ್ಕ. 1961ರಲ್ಲಿ ಜಾನ್ ಲಿಟಲ್ ಅನ್ನೋರು ಗಣಿತದಲ್ಲಿ ಸಾಧಿಸಿ ತೋರಿಸಿದ್ದಾರೆ. ಮಷಿನ್ ಕೆಟ್ಟು ಕೂತವರು ಆರು ದಿನ ಕಾಯುತ್ತಾರಾ? ನಿಮ್ಮ ಜಾಹೀರಾತಿನ ದುಡ್ಡು ಹೋಗಿದ್ದು ಅಲ್ಲಿಗೇ. ಫೋನ್ ನಿಮಗೆ ಬಂತು, ಕೆಲಸ ಬೇರೆಯವರಿಗೆ ಹೋಯ್ತು.

ಇವತ್ತೇ ಒಂದು ಕೆಲಸ ಮಾಡಿ. ಬಿಟ್ಟು ಹೋದ 60ರಲ್ಲಿ 12 ಜನರಿಗೆ ನೀವೇ ಫೋನ್ ಮಾಡಿ. ವಾಪಸ್ ಬನ್ನಿ ಅನ್ನಬೇಡಿ. 'ಕೊನೆಯ ಸಲ ನಮ್ಮ ಮೇಲೆ ಬೇಜಾರಾಗಿದ್ದು ಯಾವಾಗ?' ಅಂತ ಕೇಳಿ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ.

ಇನ್ನೊಬ್ಬ ಸದಸ್ಯರು: ಮೇಡಂ, ರಿನ್ಯೂ ಮಾಡೋರಿಗೆ 10 ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ ಮುಗೀತು ಅಲ್ವಾ? ನಾನು ನನ್ನ ಅಂಗಡಿಯಲ್ಲಿ ಅದನ್ನೇ ಮಾಡೋದು.

ಉತ್ತರ: ಎಲ್ಲರ ಕೈ ಮೊದಲು ಹೋಗೋದೇ ಡಿಸ್ಕೌಂಟಿಗೆ. ನಿಮ್ಮದೇ ಅಂಗಡಿ ಲೆಕ್ಕ ಹಾಕಿ. ನೂರಕ್ಕೆ ಮಾರಿದರೆ ಮಾಲಿನ ಖರ್ಚು ಕಳೆದು 30 ಉಳಿಯುತ್ತದೆ ಅಂದುಕೊಳ್ಳಿ. 10 ಬಿಟ್ಟುಕೊಟ್ಟರೆ ಉಳಿಯೋದು 20. ಮೊದಲಿನಷ್ಟೇ ಲಾಭ ಬರಬೇಕಾದರೆ ಒಂದೂವರೆ ಪಟ್ಟು ಮಾರಬೇಕು. ಅಷ್ಟು ಮಾರ್ತಿದ್ದೀರಾ? ಹೇಗಿದ್ದರೂ ಉಳಿಯುತ್ತಿದ್ದವರಿಗೂ ಅದೇ ಡಿಸ್ಕೌಂಟ್ ಹೋಗುತ್ತದೆ, ಅದು ಬೇರೆ. ರೇಟೇ ಕಾರಣ ಅಂತ ಗಿರಾಕಿ ಬಾಯಿಂದ ಬರುವವರೆಗೆ ರೇಟ್ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಮೇಡಂ, 12 ಜನರಿಗೂ ಮಾಡಿದೆ. ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಇಬ್ಬರು ಆಫೀಸೇ ಮುಚ್ಚಿದ್ದಾರೆ. ಒಬ್ಬರು ರೇಟ್ ಅಂದರು. ಉಳಿದ ಒಂಬತ್ತು ಜನರದ್ದೂ ಹೆಚ್ಚುಕಮ್ಮಿ ಒಂದೇ ಮಾತು: 'ನಿಮ್ಮ ಹುಡುಗ ಬೇಗ ಬರ್ತಾನೆ, ಏನು ಕೆಟ್ಟಿದೆ ಅಂತಾನೂ ಹೇಳ್ತಾನೆ, ಆಮೇಲೆ ನಾಲ್ಕು ದಿನ ಪಾರ್ಟ್ ಬರಲ್ಲ.' ಪಾರ್ಟ್ ನಮ್ಮ ಗೋಡೌನಲ್ಲೇ ಇರುತ್ತದೆ ಮೇಡಂ. ನಾನು ಸಹಿ ಹಾಕದೆ ಹೊರಗೆ ಹೋಗಲ್ಲ, ಅಷ್ಟೇ. ನಾನು ಯಾವುದೋ ಸೈಟಲ್ಲಿ ಇರ್ತೀನಿ.

ಉತ್ತರ: ಅಂದರೆ ಕೊಟೇಶನ್ ಕಾಯೋದೂ ನಿಮಗೆ, ಪಾರ್ಟ್ ಕಾಯೋದೂ ನಿಮಗೆ. ನಿಮ್ಮ ಒಂದು ದಿನದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟಕ್ಕೇ ವ್ಯಾಪಾರ ನಿಂತಿದೆ. ಬೇಜಾರು ಮಾಡ್ಕೋಬೇಡಿ, ಇದು ಸೋಮಾರಿಗಳಿಗೆ ಬರುವ ತೊಂದರೆ ಅಲ್ಲ. ಎಲ್ಲದಕ್ಕೂ ತಾವೇ ನಿಲ್ಲುವವರಿಗೆ ಬರೋದು. ಎಲಿಯಾಹು ಗೋಲ್ಡ್‌ರಾಟ್ ಅನ್ನೋ ಮ್ಯಾನೇಜ್‌ಮೆಂಟ್ ತಜ್ಞರು 1980ರ ದಶಕದಲ್ಲಿ ಕಾರ್ಖಾನೆಗಳಿಗೆ ಹೇಳಿದ್ದೂ ಇದನ್ನೇ. ಸಿಕ್ಕಿಕೊಂಡ ಜಾಗವೊಂದನ್ನು ಬಿಟ್ಟು ಬೇರೆಲ್ಲಿ ಎಷ್ಟು ಸುಧಾರಿಸಿದರೂ ಹೊರಗೆ ಬರುವ ಮಾಲು ಹೆಚ್ಚಾಗಲ್ಲ. ನೀವು ಇನ್ನೂ ಇಬ್ಬರು ಟೆಕ್ನಿಷಿಯನ್ ಇಟ್ಟುಕೊಂಡಿದ್ದರೆ ಇನ್ನೂ ಇಬ್ಬರು ನಿಮ್ಮ ಸಹಿಗೆ ಕಾಯುತ್ತಾ ನಿಲ್ಲುತ್ತಿದ್ದರು.

ಸೀನಿಯರ್ ಹುಡುಗನಿಗೆ ಒಂದು ಮಿತಿ ಕೊಡಿ. ಅಷ್ಟು ಬೆಲೆಯವರೆಗಿನ ಪಾರ್ಟ್ ನಿಮ್ಮನ್ನು ಕೇಳದೆ ಹೋಗಲಿ. ನಿಮ್ಮ ಸಹಿ ಮುಂಚೆ ಬೇಡ, ಆಮೇಲೆ ಇರಲಿ. ವಾರಕ್ಕೊಮ್ಮೆ ಪಟ್ಟಿ ನೋಡಿ. ಮಿತಿ ಎಷ್ಟಿರಬೇಕು ಅಂದರೆ, ಹೋದ ತಿಂಗಳ ಪಾರ್ಟ್ ರಿಜಿಸ್ಟರ್ ತೆಗೆದು ಹತ್ತರಲ್ಲಿ ಎಂಟು ಅದರೊಳಗೆ ಬರುವ ಹಾಗೆ ಇಡಿ. ಒಂದೆರಡು ತಪ್ಪಾಗುತ್ತದೆ, ಆಗಲಿ. ಒಂದು ತಪ್ಪು ಪಾರ್ಟಿನ ಬೆಲೆ ಎಷ್ಟು, ಒಂದು ವರ್ಷದ ಕಾಂಟ್ರಾಕ್ಟ್ ಎಷ್ಟು, ಪಕ್ಕಪಕ್ಕ ಬರೆದು ನೋಡಿ.

ಆ 18 ಕೊಟೇಶನಲ್ಲಿ ಒಂದೇ ತರಹದವು ಎಷ್ಟಿವೆ?

ಪ್ರಶ್ನೆ ಕೇಳಿದವರು: ನೋಡಿದೆ. 13 ಹೆಚ್ಚುಕಮ್ಮಿ ಒಂದೇ. ಮಷಿನ್ ಎಷ್ಟು ಅನ್ನೋದು ಮಾತ್ರ ಬೇರೆ.

ಉತ್ತರ: ಹಾಗಾದರೆ ಅದಕ್ಕೆ ರೇಟ್ ಕಾರ್ಡ್ ಮಾಡಿ, ಆಫೀಸಲ್ಲಿ ಫೋನ್ ತೆಗೆಯುವವರೇ ಅವತ್ತೇ ಕಳಿಸಲಿ. ಉಳಿದ ಐದು ನಿಮ್ಮದು.

ಒಂದು ಎಚ್ಚರಿಕೆ. ಬೆಳೆಯೋಕೆ ಶುರುವಾದರೆ ಕೈಯಲ್ಲಿ ದುಡ್ಡು ಕಡಿಮೆಯಾಗುತ್ತದೆ. ಪಾರ್ಟ್ ಇವತ್ತು ಕೊಳ್ಳುತ್ತೀರಿ, ಬಿಲ್ ದುಡ್ಡು ಒಂದೂವರೆ ತಿಂಗಳಿಗೆ ಬರುತ್ತದೆ. ಬಾಕಿ ವಸೂಲಿಗೆ ವಾರದಲ್ಲಿ ಒಂದು ದಿನ ಇಡಿ.

ಪ್ರಶ್ನೆ ಕೇಳಿದವರು (ಒಂದು ವಾರದ ನಂತರ): ಮಿತಿ ಕೊಟ್ಟೆ ಮೇಡಂ. ಸೋಮವಾರ ಹುಡುಗ ನನ್ನ ಕೇಳದೆ ಮೂರು ಪಾರ್ಟ್ ತಗೊಂಡು ಹೋದ. ಮಧ್ಯಾಹ್ನದವರೆಗೆ ಫೋನ್ ಕೈಯಲ್ಲೇ ಹಿಡ್ಕೊಂಡಿದ್ದೆ, ಮಾಡಲಿಲ್ಲ. ಮೂರೂ ಮಷಿನ್ ಅವತ್ತೇ ಓಡಿದವು. ಮೇಜಿನ ಮೇಲೆ ಈಗ ನಾಲ್ಕು ಕೊಟೇಶನ್ ಇವೆ. ನಿಜ ಹೇಳಬೇಕಂದ್ರೆ ಸಂಜೆ ಹೊತ್ತು ಏನು ಮಾಡೋದು ಅಂತ ಗೊತ್ತಾಗ್ತಿಲ್ಲ.

ಉತ್ತರ: ಬಿಟ್ಟು ಹೋದವರು ಇನ್ನೂ 48 ಜನ ಇದ್ದಾರಲ್ಲ, ಫೋನ್ ಮಾಡಿ.